ಜೀಪಿನಲ್ಲಿ ಹಾಸಿದ ಕೌದಿ

ನಮ್ಮ ಮನೆಯ ಅಡುಗೆಕಟ್ಟೆಯ ಮೇಲೊಂದು ಮಿಕ್ಸರ್ ಇದೆ. ಚಟ್ನಿ ತಿರುವುವಾಗ ಅದು ನಿಂತಲ್ಲಿ ನಿಲ್ಲುವುದಿಲ್ಲ. ಗರಗರ ನಡುಗುತ್ತ ಕಟ್ಟೆಯ ಅಂಚಿನ ಕಡೆಗೆ ಸರಿಯುತ್ತದೆ. ನನ್ನ ಹೆಂಡತಿ ಇದಕ್ಕೊಂದು ಉಪಾಯ ಮಾಡಿದ್ದಾಳೆ. ಹಳೆಯ ಟವೆಲ್ಲೊಂದನ್ನು ನಾಲ್ಕು ಮಡಿಕೆ ಮಾಡಿ ಅದರ ಅಡಿಗೆ ಇಡುತ್ತಾಳೆ. ಮಿಕ್ಸರ್ ಸುಮ್ಮನಾಗುತ್ತದೆ. ಅವಳು ಹಿತ್ತಲಿಗೆ ಹೋದದ್ದೇ ತಡ, ನಾನು ಹೋಗಿ ಆ ಟವೆಲ್ಲನ್ನು ಎಳೆದು ತೆಗೆಯುತ್ತೇನೆ. ಎಷ್ಟೋ ವರ್ಷದಿಂದ ನಡೆದಿರುವ ಜಗಳ ಇದು.

"ನಿಮಗೇನಾಗೈತ್ರಿ? ಅದರ ಗದ್ಲ ಕೇಳಿದ್ರ ನಿಮಗ ಸಮಾಧಾನ ಆಕೈತೇನು?"

"ಅಲ್ಲ, ಅದಕ್ಕೇನಾಗೈತಿ ಅಂತ ಮೊದ್ಲ ನೋಡೂಣು."

"ಅದಕ್ಕೇನೂ ಆಗಿಲ್ಲ. ಆಗಿದ್ದೆಲ್ಲಾ ನಿಮಗ."

ಅವಳ ಮಾತು ಸುಳ್ಳಲ್ಲ. ಮೊನ್ನೆ ಈ ಜಗಳ ಮುಗಿದ ಮೇಲೆ ನಾನು ಒಳಕೋಣೆಯ ಟ್ರಂಕು ತೆಗೆದು ಅವ್ವನ ಕೌದಿಯನ್ನು ಹೊರಗೆ ಹಾಕಿ ಕುಳಿತೆ. ನಮ್ಮ ಕಡೆಯವರಿಗೆ ಕೌದಿಯೆಂದರೆ ಏನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಮನೆಯವರೆಲ್ಲ ಉಟ್ಟು ಹರಿದ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹರವಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಅಂಗೈಯುದ್ದದ ಸೂಜಿಯಿಂದ ಸಾಲುಸಾಲಾಗಿ ಹೊಲಿದ ದಪ್ಪ ಹೊದಿಕೆ. ಚಿಕ್ಕವರಿದ್ದಾಗ ಅಕ್ಕ ಮತ್ತು ನಾನು ಒಂದೇ ಕೌದಿಯೊಳಗೆ ಮಲಗಿ, ಇದು ಅಜ್ಜಿಯ ಸೀರೆ, ಇದು ಅಪ್ಪನ ಮದುವೆಯ ಅಂಗಿ ಎಂದು ಬೆರಳಿಟ್ಟು ಗುರುತಿಸುತ್ತಿದ್ದೆವು. ಅದರ ಭಾರ ಎದೆಯ ಮೇಲೆ ಬಿತ್ತೆಂದರೆ ಹೊರಗಿನ ಯಾವ ಸದ್ದೂ ಕಿವಿಗೆ ಬರುತ್ತಿರಲಿಲ್ಲ. ಸದ್ದನ್ನು ನುಂಗುವುದರಲ್ಲಿ ಕೌದಿಯಂಥದ್ದು ಇನ್ನೊಂದಿಲ್ಲ. ಇದನ್ನು ನಾನು ಬಲ್ಲೆನಾದ್ದರಿಂದಲೇ ಮುಂದಿನದೆಲ್ಲ ಆಯಿತು.

ಟ್ರಂಕಿನಲ್ಲಿರುವ ಕೌದಿಯ ಒಂದು ಮೂಲೆಯಲ್ಲಿ ಅಂಗೈಯಗಲದ ಕಪ್ಪು ಕಲೆಯಿದೆ. ಗ್ರೀಸಿನ ಕಲೆ. ಅದರ ಪಕ್ಕದಲ್ಲಿ ಕಂದಿದ ಇನ್ನೊಂದು ಕಲೆ. ಅದು ಗ್ರೀಸಿನದಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾವು ಹಾನಗಲ್ಲಿನಲ್ಲಿದ್ದೆವು. ಅಕ್ಕಿಆಲೂರಿನಲ್ಲಿ ಅಪ್ಪನದೊಂದು ಸಣ್ಣ ಅಕ್ಕಿಗಿರಣಿ. ಭತ್ತ ನೋಡಲು ಹಳ್ಳಿಹಳ್ಳಿ ತಿರುಗಬೇಕಾಗಿದ್ದ ಅಪ್ಪ, ಯಾವುದೋ ಸರಕಾರಿ ಕಚೇರಿಯವರು ಲಿಲಾವಿಗೆ, ಅಂದರೆ ಹರಾಜಿಗೆ, ಹಾಕಿದ್ದ ಹಳೆಯ ಜೀಪೊಂದನ್ನು ತಂದಿದ್ದರು. ಅದರ ಬಣ್ಣ ಹಸಿರಿತ್ತೋ ಬೂದಿಯಿತ್ತೋ ಹೇಳುವುದು ಕಷ್ಟ. ಬಾಗಿಲುಗಳಿರಲಿಲ್ಲ. ಗೇರಿನ ಕೋಲಿನ ಬುಡದಲ್ಲಿ ತಗಡು ತುಕ್ಕು ತಿಂದು ಬಿದ್ದ ತೂತಿನಿಂದ ಓಡುವ ರಸ್ತೆ ಕಾಣುತ್ತಿತ್ತು. ಅದನ್ನು ನಡೆಸುತ್ತಿದ್ದವನು ಫಕ್ಕೀರಪ್ಪ. ಮೂವತ್ತೈದರ ಆಸುಪಾಸಿನವನು, ಮೂರು ಮಕ್ಕಳ ತಂದೆ, ಮಾತು ಕಡಿಮೆ. ಬೆಳಿಗ್ಗೆ ಜೀಪು ಚಾಲೂ ಮಾಡಿದ ಮೇಲೆ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ಒಂದಿಷ್ಟು ಹೊತ್ತು ನಿಲ್ಲುತ್ತಿದ್ದ. ಅಪ್ಪ "ಏನೋ ಫಕ್ಕೀರ್ಯಾ, ನಾಡಿ ಹಿಡದ್ಯಾ? ಬದಕೇತೇನು?" ಎನ್ನುತ್ತಿದ್ದರು. "ಬದಕೇತ್ರಿ ಸಾವ್ಕಾರ್ರ" ಎಂದು ಹತ್ತುತ್ತಿದ್ದ.

ನಾನು ಆಗಷ್ಟೇ ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಂದಿದ್ದೆ. ಭೌತಶಾಸ್ತ್ರ ನನ್ನ ಮುಖ್ಯ ವಿಷಯ. ಹಾನಗಲ್ಲಿನಲ್ಲಿ ಭೌತಶಾಸ್ತ್ರ ಬೇಕಾದವರು ಯಾರೂ ಇರಲಿಲ್ಲ. ಹಾಗಾಗಿ ಅದು ನನ್ನೊಳಗೆ ತುಂಬಿ, ಯಾರ ಮೇಲಾದರೂ ಸುರಿಯಬೇಕೆಂದು ಕಾಯುತ್ತಿತ್ತು.

ಆ ಮಳೆಗಾಲದಲ್ಲಿ ಜೀಪಿಗೆ ನಡುಕ ಹತ್ತಿತು. ನಿಂತಾಗ ಏನೂ ಇಲ್ಲ. ಮೆಲ್ಲಗೆ ಹೋಗುವಾಗಲೂ ಇಲ್ಲ. ವೇಗ ತೋರಿಸುವ ಮುಳ್ಳು ಮೂವತ್ತರ ಹತ್ತಿರ ಬಂತೆಂದರೆ ಕಾಲಡಿಯ ತಗಡಿನಿಂದ ಒಂದು ಗುಂಯ್ ಎದ್ದು, ಮೊಣಕಾಲಿನವರೆಗೆ ಏರಿ, ಹಲ್ಲಿಗೆ ಬರುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ಒಂದು ಎತ್ತಿನ ಗಾಡಿ ಎರಡಾಗಿ ಕಾಣುತ್ತಿತ್ತು. ಇನ್ನೂ ಜೋರಾಗಿ ಹೋದರೆ ಕಡಿಮೆಯಾಗುತ್ತಿತ್ತು. ಇಳಿಸಿದರೆ ಮತ್ತೆ ಆ ಮೂವತ್ತರಲ್ಲಿ ಕಾದು ಕುಳಿತಿರುತ್ತಿತ್ತು.

ಎಲ್ಲರೂ ಅದನ್ನು 'ಇಂಜಿನ್ ನಡುಕ' ಎಂದೇ ಕರೆದೆವು. ಹೆಸರಿಟ್ಟ ಮೇಲೆ ಹುಡುಕುವ ಜಾಗವೂ ನಿಶ್ಚಯವಾಗಿಬಿಡುತ್ತದೆ. ಹಾನಗಲ್ಲಿನ ಫಿಟ್ಟರ್ ಪ್ಲಗ್ಗು ಬಿಚ್ಚಿ ತಿಕ್ಕಿ ಹಾಕಿದ. ಕಾರ್ಬೊರೇಟರ್ ತೊಳೆದ. ನಡುಕ ಹಾಗೇ ಇತ್ತು. ಶಿಗ್ಗಾಂವಿಯಲ್ಲಿ ಲಾರಿ ರಿಪೇರಿ ಮಾಡುವ ದೊಡ್ಡ ಗ್ಯಾರೇಜಿನವನು ಇಂಜಿನ್ ಕೂತ ರಬ್ಬರ್ ಹರಿದಿದೆ ಎಂದು ಹೊಸದು ಹಾಕಿದ. ಎರಡು ದಿನ ತುಸು ಕಡಿಮೆಯಾದಂತೆ ಕಂಡಿತು. ಮೂರನೆಯ ದಿನ ಮತ್ತೆ ಅದೇ.

ಅದನ್ನು ತೋರಿಸಲು ಮತ್ತೆ ಶಿಗ್ಗಾಂವಿಗೆ ಹೋಗಿ ಹಿಂದಿರುಗುವಾಗಲೇ ಫಕ್ಕೀರಪ್ಪ ಒಂದು ಪರೀಕ್ಷೆ ಮಾಡಿದ್ದು. ಬಂಕಾಪುರ ದಾಟಿದ ಮೇಲೆ ಒಂದು ಉದ್ದನೆಯ ಇಳಿಜಾರು. ಅಲ್ಲಿ ನಲವತ್ತಕ್ಕೆ ಒಯ್ದು, ಗೇರು ತೆಗೆದು, ಕೀಲಿ ತಿರುವಿ ಇಂಜಿನ್ ಬಂದ್ ಮಾಡಿಬಿಟ್ಟ. ಗಾಳಿಯ ಸದ್ದೊಂದೇ ಉಳಿಯಿತು. ಜೀಪು ತಾನೇ ಉರುಳುತ್ತ ಹೊರಟಿತು. ಮುಳ್ಳು ಇಳಿದು ಮೂವತ್ತಕ್ಕೆ ಬಂದದ್ದೇ, ಕಾಲಡಿಯಲ್ಲಿ ಗುಂಯ್ ಎಂದು ಎದ್ದಿತು.

ಫಕ್ಕೀರಪ್ಪ ನನ್ನ ಕಡೆ ತಿರುಗಿದ. "ಸಣ್ಣ ಸಾವ್ಕಾರ್ರ, ಈಗ ಇಂಜಿನ್ ಸತ್ತೈತಿ. ಆದ್ರೂ ನಡಗಾಕತ್ತೈತಿ. ಸತ್ತಾಂವ ನಡಗ್ತಾನೇನ್ರಿ?"

ನಾನು ನಕ್ಕೆ. ಈಗ ಆ ನಗು ನೆನಪಾದರೆ ಎದ್ದು ಓಡಾಡಬೇಕೆನಿಸುತ್ತದೆ. "ಫಕ್ಕೀರಪ್ಪ, ಇದಕ್ಕ ಅನುರಣನ ಅಂತಾರ" ಎಂದೆ. ಪ್ರತಿ ವಸ್ತುವಿಗೂ ತನ್ನದೇ ಆದ ಒಂದು ಕಂಪನದ ಲೆಕ್ಕವಿರುತ್ತದೆ, ಗಾಲಿ ತಿರುಗುವ ಲೆಕ್ಕ ಅದಕ್ಕೆ ಕೂಡಿತೆಂದರೆ ಇಡೀ ಜೀಪು ನಡುಗುತ್ತದೆ, ಮೂವತ್ತನ್ನು ಬೇಗ ದಾಟಿಬಿಟ್ಟರೆ ಆಯಿತು, ಇದು ರೋಗವಲ್ಲ, ಸ್ವಭಾವ ಎಂದು ಹಾನಗಲ್ಲು ಬರುವವರೆಗೂ ವಿವರಿಸಿದೆ. ಅನುರಣನದ ಮಾತು ಸುಳ್ಳೇನಲ್ಲ. ಆದರೆ ತಿರುಗುವ ಯಾವುದೋ ಒಂದು ವಸ್ತು ಓರೆಯಾಗಿರಲೇಬೇಕಲ್ಲ, ಅದು ಯಾವುದು ಎಂಬ ಪ್ರಶ್ನೆ ಫಕ್ಕೀರಪ್ಪನದು. ನಾನು ಅವನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಅದಕ್ಕೊಂದು ಹೆಸರು ಕೊಟ್ಟೆ.

ಅವನ ಒತ್ತಾಯಕ್ಕೆ ಅಪ್ಪ ಸವಣೂರಿನ ಉಸ್ತಾದರಿಗೂ ತೋರಿಸಲು ಒಪ್ಪಿದರು. ಉಸ್ತಾದರು ದೊಡ್ಡ ವಯಸ್ಸಿನ ಮೆಕ್ಯಾನಿಕ್. ಬಾಯಿತುಂಬ ಎಲೆಯಡಿಕೆ. ಇಂಜಿನ್ ಚಾಲೂ ಮಾಡಿಸಿ, ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೈಗೆ ಒತ್ತಿ, ಕಟ್ಟಿಗೆಯ ಹಿಡಿಯನ್ನು ಕಿವಿಗೆ ಹಚ್ಚಿ, ವೈದ್ಯರು ಎದೆ ನೋಡುವಂತೆ ಅಲ್ಲಲ್ಲಿ ಇಟ್ಟು ಕೇಳಿದರು. ಆಮೇಲೆ ಪಕ್ಕಕ್ಕೆ ಹೋಗಿ ಉಗುಳಿ ಬಂದು, "ಇಂಜಿನ್ ಹಾಡಾಕತ್ತೈತ್ರಿ. ಬೀಮಾರಿ ಇಲ್ಲಿಲ್ಲ. ಕೆಳಗೈತಿ. ಎರಡ ದಿನ ಗಾಡಿ ಬಿಟ್ಟು ಹೋಗ್ರಿ, ಶಾಫ್ಟ್ ಇಳಿಸಿ ನೋಡತೇನಿ" ಎಂದರು. ಇಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗಳಿಗೆ ಒಯ್ಯುವ, ಜೀಪಿನ ಹೊಟ್ಟೆಯ ಕೆಳಗೆ ತಿರುಗುವ ಉದ್ದನೆಯ ಕಬ್ಬಿಣದ ಕೊಳವೆಯೇ ಶಾಫ್ಟು.

ಅಪ್ಪನಿಗೆ ಎರಡು ದಿನ ಜೀಪು ಬಿಡುವ ಮನಸ್ಸಿರಲಿಲ್ಲ. ಅವರು ನನ್ನ ಮುಖ ನೋಡಿದರು. ನಾನು ಜೇಬಿನಿಂದ ಪೆನ್ನು ತೆಗೆದೆ. ಉಸ್ತಾದರ ಗೋಡೆಗೆ ತೂಗುಹಾಕಿದ್ದ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಅನುರಣನದ ನಕ್ಷೆ ಬರೆದೆ. ಗೆರೆ ಏರುತ್ತದೆ, ಮೂವತ್ತರಲ್ಲಿ ತುದಿ ಮುಟ್ಟುತ್ತದೆ, ಇಳಿಯುತ್ತದೆ. ಉಸ್ತಾದರು ಅದನ್ನು ಬಹಳ ಗೌರವದಿಂದ ನೋಡಿದರು.

"ಚಲೋ ತಗದೀರಿ" ಎಂದರು. "ಗುಡ್ಡ ಭಾಳ ಚಲೋ ಬಂದೈತಿ. ಆದ್ರ ಗಾಡಿ ಈ ಗುಡ್ಡ ಹತ್ತಬೇಕಲ್ರಿ?"

ಅಪ್ಪ ನಕ್ಕರು, ನಾನೂ ನಕ್ಕೆ. ಜೀಪು ಬಿಡದೆ ಹಿಂದಿರುಗಿದೆವು. ಫಕ್ಕೀರಪ್ಪ ನಗಲಿಲ್ಲ.

ಇನ್ನೊಬ್ಬರು ಹೇಳಿದ್ದೂ ಇದೆ. ಅವ್ವ. ಅವ್ವನಿಗೆ ಗೊತ್ತಿದ್ದ ಯಂತ್ರ ಒಂದೇ, ಬೀಸುವ ಕಲ್ಲು. ನಾನು ಕಂಡ ಮೊದಲ ಯಂತ್ರವೂ ಅದೇ. ಬೆಳಗಿನ ಜಾವ ಅವ್ವ ಜೋಳ ಬೀಸುವಾಗ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದರೆ ಕಲ್ಲಿನ ಗುಡುಗು ಅವಳ ಎಲುಬಿನೊಳಗಿಂದ ನನ್ನ ಕೆನ್ನೆಗೆ ಬರುತ್ತಿತ್ತು. ಒಮ್ಮೊಮ್ಮೆ ಹಾಡು ನಡುವೆಯೇ ನಿಲ್ಲುತ್ತಿತ್ತು. ಅವ್ವ ಮೇಲಿನ ಕಲ್ಲೆತ್ತಿ ನಡುವಿನ ಗೂಟವನ್ನು ಬೆರಳಿನಿಂದ ಅಲುಗಿಸಿ ನೋಡುತ್ತಿದ್ದಳು. ಗೂಟ ಸವೆದಿದ್ದರೆ ಬಡಿಗೇರನಿಗೆ ಹೇಳಿ ಕಳಿಸಿ ಹೊಸದು ಹಾಕಿಸುವವರೆಗೆ ಹಿಟ್ಟಿಲ್ಲ. ಅಪ್ಪ ಹಸಿದು ಕೂಗಾಡಿದರೂ ಇಲ್ಲ.

ಒಂದು ದಿನ ಜೀಪಿನಲ್ಲಿ ಅಕ್ಕಿಆಲೂರಿಗೆ ಬರುವಾಗ ಅವಳು ಚಪ್ಪಲಿ ಬಿಟ್ಟು ಬರಿಗಾಲು ಊರಿ ಕುಳಿತಿದ್ದಳು. "ಕೇಳ್ರಿಲ್ಲಿ" ಎಂದು ಅಪ್ಪನಿಗೆ ಹೇಳಿದಳು, "ಇದು ಮುಂದಿಂದ ಬರೂದಿಲ್ಲ. ನನ್ನ ಕಾಲಾಗಿಂದ ಬರ್ತೈತಿ. ಬೀಸೂ ಕಲ್ಲಿನ ನಡುಗೂಟ ಸವದಾಗ ಹಿಂಗ ಆಕೈತಿ."

"ಹೌದು, ಇನ್ನ ಜೀಪಿನ್ಯಾಗ ಜ್ವಾಳಾ ಬೀಸು" ಎಂದರು ಅಪ್ಪ.

ನಾನೂ ಅವರೊಡನೆ ನಕ್ಕೆ. ಯೋಚಿಸಿ ನೋಡಿ. ಮೂರು ಜನ ಮೂರು ದಾರಿಯಿಂದ ಒಂದೇ ಜಾಗಕ್ಕೆ ಬೆರಳಿಟ್ಟು ತೋರಿಸಿದ್ದರು. ಒಬ್ಬ ಅಂಗೈಯಿಂದ, ಒಬ್ಬರು ಕಿವಿಯಿಂದ, ಒಬ್ಬಳು ಅಂಗಾಲಿನಿಂದ. ನನ್ನ ಹತ್ತಿರ ಮಾತ್ರ ನಕ್ಷೆಯಿತ್ತು.

ಮಾಸೂರಿಗೆ ಕೊಟ್ಟಿದ್ದ ಅಕ್ಕ ಹಡೆದಿದ್ದಳು. ಕೂಸಿಗೆ ಹೆಸರಿಡುವ ದಿನಕ್ಕೆ ನಾವೆಲ್ಲ ಹೋಗಬೇಕಾಗಿತ್ತು. ಅಷ್ಟು ದೂರ ಆ ನಡುಕದಲ್ಲಿ ಕುಳಿತರೆ ಕಾಲು ಜೋಮು ಹಿಡಿಯುತ್ತದೆ, ಬಸ್ಸಿಗೇ ಹೋಗೋಣ ಎಂದಳು ಅವ್ವ. ಆಗ ನಾನು ಆ ಕೆಲಸ ಮಾಡಿದೆ. ಮಂಚದ ಮೇಲಿದ್ದ ಕೌದಿಯನ್ನು ತಂದು ನಾಲ್ಕು ಮಡಿಕೆ ಮಾಡಿ ಜೀಪಿನ ನೆಲದ ಮೇಲೆ ಹಾಸಿದೆ. ಗೇರಿನ ಬುಡದ ತೂತಿನೊಳಕ್ಕೆ ಅದರ ಒಂದು ಮೂಲೆಯನ್ನು ತುರುಕಿದೆ. ಸೀಟಿನ ಮೇಲೆ ಇನ್ನೊಂದು ಕೌದಿ. ಹಾನಗಲ್ಲು ದಾಟಿ ಮೂವತ್ತು ಬಂತು, ಹೋಯಿತು. ಯಾರಿಗೂ ಏನೂ ತಿಳಿಯಲಿಲ್ಲ. ಗುಂಯ್ ಇಲ್ಲ, ಜೋಮು ಇಲ್ಲ.

"ಓದಿಸಿದ್ದು ಸಾರ್ಥಕ ಆತು ನೋಡು" ಎಂದರು ಅಪ್ಪ. ಅವರು ನನ್ನನ್ನು ಹೊಗಳಿದ್ದು ಕಡಿಮೆ. ಹಾಗಾಗಿ ಆ ಮಾತು ಇನ್ನೂ ನೆನಪಿದೆ.

ಅವ್ವ ಕೌದಿಯ ಮೇಲೆ ಬರಿಗಾಲು ಊರಿ, "ಹೋಗೇತೋ, ಮುಚ್ಚೇತೋ?" ಎಂದಳು.

"ಹೋಗೇತವ್ವಾ."

ಹಿರೇಕೆರೂರಿನಲ್ಲಿ ಬಾಳೆಹಣ್ಣು, ಹೂವು ಕೊಳ್ಳಲು ನಿಂತೆವು. ಅಂದು ಸಂತೆ. ಮೆಕ್ಕೆಜೋಳದ ಚೀಲ ಹೇರಿದ ಗಾಡಿಗಳ ನಡುವಿನಿಂದ ಫಕ್ಕೀರಪ್ಪ ಜೀಪನ್ನು ಹಿಂದಕ್ಕೆ ತೆಗೆದು, ಮುಂದಿನ ಗೇರಿಗೆ ಹಾಕಿದಾಗ ಕೆಳಗೆಲ್ಲೋ 'ಟಕ್' ಎಂದಿತು. ಅವನು ಅಲ್ಲೇ ನಿಲ್ಲಿಸಿದ.

"ಒಂದ ಐದ ನಿಮಿಷ ಕೆಳಗ ಮಲಗಿ ನೋಡ್ತೇನ್ರಿ."

ನೆಲವೆಲ್ಲ ಕೆಸರು. ಹಿಂದೆ ಸಂತೆಯ ಗಾಡಿಗಳವರು ಕೂಗುತ್ತಿದ್ದರು. "ಈ ರಾಡಿಯೊಳಗ ಎಲ್ಲಿ ಮಲಗ್ತಿ ಫಕ್ಕೀರಪ್ಪ? ಅಲ್ಲೆ ಅಕ್ಕ ಉಣ್ಣಾಕ ಕಾಯಾಕತ್ತಿರ್ತಾಳ. ಸಂಜಿಕ ನೋಡಿದ್ರಾತು ನಡಿ" ಎಂದೆ. ಅವನು ಅಪ್ಪನ ಕಡೆ ನೋಡಿದ. ಅಪ್ಪ ತಲೆಯಾಡಿಸಿದರು. ಅವನು ಗೇರು ಹಾಕಿದ. ನಾನು ಇಂದಿಗೂ ಮನಸ್ಸಿನಲ್ಲಿ ಹೆಚ್ಚು ಸಲ ಹಿಂದಿರುಗುವುದು ಆ ಕೆಸರಿಗೇ. ಪ್ರತಿ ಸಲವೂ ಅವನು ಅಂಗಿ ಬಿಚ್ಚಿ ಮಲಗುತ್ತಾನೆ, ಕೆಳಗೆ ಕೈಹಾಕಿ ಶಾಫ್ಟನ್ನು ಅಲುಗಿಸುತ್ತಾನೆ, ಎದ್ದು ಬಂದು "ಬಸ್ಸಿಗೆ ಹೋಗ್ರಿ" ಎನ್ನುತ್ತಾನೆ. ಪ್ರತಿ ಸಲವೂ ಎಚ್ಚರಾದಂತೆ ಆಗಿ, ಅದು ಹಾಗಾಗಲಿಲ್ಲವೆಂದು ತಿಳಿಯುತ್ತದೆ.

ಮಾಸೂರಿನಲ್ಲಿ ಹೆಸರಿಡುವುದು, ಊಟ ಎಲ್ಲ ಚೆನ್ನಾಗಿ ಆಯಿತು. ಮದಗದ ಕೆರೆ ತುಂಬಿದೆ, ನೋಡದೆ ಹೋಗಬೇಡಿ ಎಂದರು ಅಕ್ಕನ ಮನೆಯವರು. ಮಧ್ಯಾಹ್ನದ ಬಿಸಿಲಿನಲ್ಲಿ ನಾವು ನಾಲ್ವರೇ ಹೊರಟೆವು. ಕೆರೆಯ ಏರಿಗೆ ಹೋಗಲು ಒಂದು ಕಚ್ಚಾದಾರಿ. ಕೊನೆಗೆ ಕಲ್ಲು ತುಂಬಿದ ಕಡಿದಾದ ಏರು ಹತ್ತಬೇಕು. ಏರಿನ ಬುಡದಲ್ಲಿ ತೂಬಿನಿಂದ ಬರುವ ಕಾಲುವೆ ದಡ ಮುಟ್ಟಿ ಹರಿಯುತ್ತಿತ್ತು. ಅದರ ಬಾಯಿಯ ಪಕ್ಕದಲ್ಲಿ ಹಳೆಯ ಕಲ್ಲಿನ ಕಟ್ಟೆ. ಭಾರ ಕಡಿಮೆಯಾಗಲೆಂದು ಅಪ್ಪ ಮತ್ತು ನಾನು ಇಳಿದು, ಕಾಲುದಾರಿಯಿಂದ ಮೇಲೆ ಹತ್ತಿದೆವು. ಅವ್ವನಿಗೆ ಮೊಣಕಾಲು ನೋವು. ಅವಳು ಹಿಂದಿನ ಸೀಟಿನಲ್ಲೇ ಕುಳಿತಳು. ಏರಿಯ ಮೇಲೆ ನಿಂತು ನಾವು ನೀರು ನೋಡಿದೆವು. ಆಮೇಲೆ ಜೀಪು ಬರುವುದನ್ನು ನೋಡಲು ಈ ಕಡೆ ತಿರುಗಿದೆವು.

ಜೀಪು ಮುಕ್ಕಾಲು ಪಾಲು ಹತ್ತಿತ್ತು. ಆಗ ಕೆಳಗಿನಿಂದ ಗಂಟೆಗೆ ಸುತ್ತಿಗೆಯಿಂದ ಹೊಡೆದಂಥ ಸದ್ದು ಬಂತು. ಅದರ ಹಿಂದೆಯೇ ತಗಡಿಗೆ ಬಡಬಡ ಬಡಿಯುವ ಸದ್ದು. ಇಂಜಿನ್ ಚೀರಿತು, ಆದರೆ ಜೀಪು ನಿಂತುಬಿಟ್ಟಿತು. ಒಂದು ಗಳಿಗೆ ಅದು ಏರಿನ ಮೇಲೆ ಹಾಗೇ ನಿಂತಿತ್ತು. ಆಮೇಲೆ ಹಿಂದಕ್ಕೆ ಉರುಳತೊಡಗಿತು.

"ಬ್ರೇಕ್ ಹಾಕೋ! ಹ್ಯಾಂಡ್‌ಬ್ರೇಕ್ ಎಳಿ!" ಎಂದು ಅಪ್ಪ ಕೂಗಿದರು.

ಅವನು ಎರಡನ್ನೂ ಮಾಡಿದ್ದ. ಶಾಫ್ಟಿನ ಹಿಂದಿನ ಕೀಲು ಮುರಿದಿತ್ತು. ಮುರಿದ ಶಾಫ್ಟು ಇಂಜಿನ್ನಿನ ಬಲದಿಂದ ತಿರುಗುತ್ತ ಬಡಿದು, ಬ್ರೇಕಿನ ಎಣ್ಣೆ ಹೋಗುವ ನಳಿಗೆಯನ್ನು ಕತ್ತರಿಸಿತ್ತು. ಇನ್ನು ಆ ಜೀಪಿನ ಹ್ಯಾಂಡ್‌ಬ್ರೇಕ್ ಹಿಡಿಯುತ್ತಿದ್ದದ್ದು ಗಾಲಿಯನ್ನಲ್ಲ, ಆ ಶಾಫ್ಟನ್ನೇ. ಶಾಫ್ಟಿಗೂ ಗಾಲಿಗೂ ಸಂಬಂಧವೇ ಕಡಿದ ಮೇಲೆ ಅದನ್ನು ಎಷ್ಟು ಎಳೆದರೇನು? ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ಕಂಡದ್ದು ಇಷ್ಟೇ. ಅವ್ವ ಎರಡೂ ಕೈಯಿಂದ ಮುಂದಿನ ಸೀಟಿನ ಕಂಬಿ ಹಿಡಿದಿದ್ದಾಳೆ, ಅವಳ ಮುಖ ನನ್ನ ಕಡೆಗಿದೆ, ಅದು ಚಿಕ್ಕದಾಗುತ್ತ ಹೋಗುತ್ತಿದೆ.

ನಾನು ಓಡಿದೆ. ಗಾಲಿಯ ಹಿಂದೆ ಇಡಬೇಕೆಂದು ಒಂದು ಕಲ್ಲೆತ್ತಿಕೊಂಡೆ. ಜೀಪು ನನಗಿಂತ ವೇಗವಾಗಿತ್ತು. ಕಲ್ಲು ಇಡಬೇಕಾದದ್ದು ಅದರ ಇಳಿಜಾರಿನ ಬದಿಗೆ, ನಾನು ಮೇಲ್ಬದಿಯಲ್ಲಿ ಕಲ್ಲು ಹಿಡಿದುಕೊಂಡು ಓಡುತ್ತಿದ್ದೇನೆ ಎಂಬುದು ನನಗೆ ಹೊಳೆಯಲೇ ಇಲ್ಲ. ಅವ್ವ ಏನೋ ಹೇಳುತ್ತಿದ್ದಳು. ನನಗಲ್ಲ, ಫಕ್ಕೀರಪ್ಪನಿಗೆ. ಅವಳು ಹೇಳಿದ್ದು "ಹಾರಿಕೋ, ಫಕ್ಕೀರಪ್ಪ, ಮಕ್ಳದಾವು ನಿನಗ, ಹಾರಿಕೋ" ಎಂದು. ಬಾಗಿಲಿಲ್ಲದ ಜೀಪು. ಒಂದು ಕಾಲು ಹೊರಗಿಟ್ಟರೆ ಅವನು ಉಳಿಯುತ್ತಿದ್ದ. ಅವನು ಕತ್ತು ಹಿಂದಕ್ಕೆ ತಿರುಗಿಸಿ, ದಾರಿ ನೋಡುತ್ತ, ಸ್ಟೇರಿಂಗ್ ಹಿಡಿದೇ ಇದ್ದ. ಕಾಲುವೆಗೆ ಇನ್ನು ನಾಲ್ಕು ಮಾರು ಇದೆಯೆನ್ನುವಾಗ ಪೂರ್ತಿ ತಿರುವಿದ. ಜೀಪಿನ ಬೆನ್ನು ತೂಬಿನ ಕಲ್ಲುಕಟ್ಟೆಗೆ ಬಡಿಯಿತು. ಹಿಂದಿನ ಗಾಲಿಯೊಂದು ನೀರಿನ ಮೇಲೆ ತೂಗಿತು. ಆಮೇಲೆ ಇಡೀ ಜೀಪು ಅವನ ಬದಿಗೆ, ಬಹಳ ಮೆಲ್ಲಗೆ, ಮಗ್ಗುಲಾಯಿತು.

ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದವರು ಓಡಿ ಬಂದರು. ಅವ್ವ ತಾನೇ ಹೊರಗೆ ಬಂದಳು. ಭುಜ ತರಚಿತ್ತು, ಅಷ್ಟೇ. ಫಕ್ಕೀರಪ್ಪನ ಬಲಗಾಲು ಜೀಪಿನ ಅಂಚಿಗೂ ಕಲ್ಲಿಗೂ ನಡುವೆ ಸಿಕ್ಕಿತ್ತು. ಎಂಟು ಜನ ಸೇರಿ ಎತ್ತಿದರು. ಅವನು ಕೂಗಲಿಲ್ಲ. "ಅವ್ವಾರಿಗೇನಾತ್ರಿ?" ಎಂದು ಒಂದು ಸಲ ಕೇಳಿದ.

ಹೊರಲು ಏನೂ ಇರಲಿಲ್ಲ. ಅವ್ವ ಮಗ್ಗುಲಾದ ಜೀಪಿನೊಳಗೆ ಬಾಗಿ, ನಾನು ತುರುಕಿದ್ದ ಮೂಲೆಯನ್ನು ತೂತಿನಿಂದ ಎಳೆದು, ಕೌದಿಯನ್ನು ಹೊರಗೆ ತಂದು ನೆಲಕ್ಕೆ ಹಾಸಿದಳು. ನಾಲ್ಕು ಮೂಲೆ ನಾಲ್ವರು ಹಿಡಿದರು. ನನ್ನ ಕೈಗೆ ಬಂದದ್ದು ಆ ಗ್ರೀಸಿನ ಮೂಲೆ. ಗದ್ದೆಯವರ ಟ್ರ್ಯಾಕ್ಟರ್ ನಿಂತಿದ್ದಲ್ಲಿಯವರೆಗೆ ನಾನು ಅದನ್ನು ಹಿಡಿದು ನಡೆದೆ. ಕೈ ಜಾರುತ್ತಿತ್ತು.

ಹಿರೇಕೆರೂರಿನ ದವಾಖಾನೆಯಲ್ಲಿ ಕಾಲಿಗೆ ಹಲಗೆ ಕಟ್ಟಿ, ಹುಬ್ಬಳ್ಳಿಗೆ ಒಯ್ಯಲು ಹೇಳಿದರು. ವರಾಂಡದ ಬೆಂಚಿನ ಮೇಲೆ ನಾವು ಮೂವರು ಕುಳಿತಿದ್ದೆವು. ಅಪ್ಪನಿಗೆ ಹೆದರಿಕೆಯಾದಾಗ ಸಿಟ್ಟು ಬರುತ್ತಿತ್ತು.

"ಇಷ್ಟ ವರ್ಷದ ಡ್ರೈವರ್" ಎಂದರು. "ಗಾಡಿ ಕೆಳಗ ಏನ ಐತಿ ಅಂತ ನೋಡಿಕೊಳ್ಳೂದ ತಿಳೀಲಿಲ್ಲ ಅಂವಗ."

ಆಗ ನಾನು ಮಾತಾಡಬೇಕಾಗಿತ್ತು. ಬಂಕಾಪುರದ ಇಳಿಜಾರು, ಸವಣೂರಿನ ಕ್ಯಾಲೆಂಡರು, ಹಿರೇಕೆರೂರಿನ ಕೆಸರು, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ನಾನು ಗೋಡೆ ನೋಡುತ್ತ ಕುಳಿತೆ. ಅಪ್ಪ ನನ್ನನ್ನು ಹೊಗಳಿ ಇನ್ನೂ ಒಂದು ದಿನವೂ ಆಗಿರಲಿಲ್ಲ.

ಅವ್ವ ಅಪ್ಪನಿಗೆ ಎದುರಾಡಿದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. "ಅಂವಾ ಹೇಳಿದ್ದ" ಎಂದಳು. "ನಾನೂ ಹೇಳಿದ್ದೆ. ಆ ಸವಣೂರಿನ ಮುದುಕನೂ ಹೇಳಿದ್ದನಂತ. ನೀವು ಅಪ್ಪ ಮಗ ಕೂಡಿ ನಮ್ಮ ಬಾಯಿಗೆ ಕೌದಿ ಹಾಸಿದ್ರಿ."



ಫಕ್ಕೀರಪ್ಪನ ಕಾಲು ಉಳಿಯಿತು. ಆದರೆ ಮೊಣಕಾಲು ಮಡಿಚುವುದಿಲ್ಲ. ಬ್ರೇಕು ತುಳಿಯುವ ಕಾಲು ಅದು. ಡ್ರೈವರ್ ಕೆಲಸ ಅಲ್ಲಿಗೆ ಮುಗಿಯಿತು. ಅಪ್ಪ ಗಿರಣಿಯಲ್ಲಿ ಕುಳಿತು ಮಾಡುವ ಕೆಲಸ ಕೊಡುತ್ತೇನೆಂದರು. ಅವನು ಬೇಡವೆಂದು, ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟ. ಜೀಪು ಗುಜರಿಗೆ ಹೋಯಿತು. ಕೌದಿಯನ್ನು ಅವ್ವ ಎಷ್ಟೋ ಸಲ ಒಗೆದಳು, ಆಮೇಲೆ ಮಡಿಚಿ ಟ್ರಂಕಿಗೆ ಹಾಕಿದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದೆ. ಪ್ರತಿ ವರ್ಷ ಕಂಪನದ ಪಾಠ ಬಂದಾಗ ಬೋರ್ಡಿನ ಮೇಲೆ ಆ ಗುಡ್ಡ ಬರೆಯುತ್ತೇನೆ. ಪ್ರತಿ ವರ್ಷ ಆ ದಿನ ಮಧ್ಯಾಹ್ನದ ಡಬ್ಬಿ ಹಾಗೇ ಮನೆಗೆ ಹಿಂದಿರುಗುತ್ತದೆ.

ಫಕ್ಕೀರಪ್ಪನ ಅಂಗಡಿಯ ಮುಂದೆ ನಾನು ದಿನವೂ ಹಾಯುತ್ತಿದ್ದೆ. ನಮಸ್ಕಾರ, ಆರಾಮೇನು, ಅಷ್ಟೇ. ಹೇಳಬೇಕಾದ ಮಾತು ಹೇಳಲು ಆರೇಳು ವರ್ಷ ಹಿಡಿಯಿತು. ಆ ಹೊತ್ತಿಗೆ ಅವ್ವ ತೀರಿಕೊಂಡಿದ್ದಳು. ನನ್ನ ಹತ್ತಿರ ಒಂದು ಹಳೆಯ ಸ್ಕೂಟರ್ ಬಂದಿತ್ತು. ಒಂದು ಸಂಜೆ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅವನು ಕಾಲು ಚಾಚಿ ಕುಳಿತು ಟ್ಯೂಬೊಂದನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ನಾನು ಸ್ಕೂಟರ್ ನಿಲ್ಲಿಸಿ, ಬಂದ್ ಮಾಡಲೂ ಮರೆತು, ನಿಂತೇ ಹೇಳಿಬಿಟ್ಟೆ.

"ಫಕ್ಕೀರಪ್ಪ, ಅವತ್ತು ತಪ್ಪು ನಂದು. ನೀ ಹೇಳಿದ್ದಿ, ನಾ ಕೇಳ್ಲಿಲ್ಲ. ದವಾಖಾನ್ಯಾಗ ಅಪ್ಪ ನಿನ್ನ ಬೈದ್ರು, ನಾ ಸುಮ್ನ ಕುಂತೆ."

ಅವನು ಟ್ಯೂಬನ್ನು ನೀರಿನಿಂದ ತೆಗೆಯಲಿಲ್ಲ. "ಗೊತ್ತೈತ್ರಿ. ಅವ್ವಾರು ಹೇಳಿದ್ರು" ಎಂದ. ಅದನ್ನು ಇನ್ನೊಂದು ಮಗ್ಗುಲಿಗೆ ತಿರುವಿ, "ನನ್ನ ಕಾಡೂದು ಅದಲ್ರಿ" ಎಂದ.

"ಮತ್ತ?"

"ನೀವು ಕೌದಿ ಹಾಸಿದ್ರಲ್ಲ, ಅವತ್ತ ಹಾನಗಲ್ಲ ದಾಟಿದ ಮ್ಯಾಲೆ ನನಗೂ ಸುಖ ಅನಿಸ್ತು. ಅಷ್ಟ ದಿನ ಆ ನಡುಕ ಕಾಲಾಗ ಕುಂತು ನಿದ್ದಿಗೆಡಿಸಿತ್ತು. ಹೋತಲ್ಲ, ಬಿಡು, ಅಂದೆ. ಒಳಗ ಗೊತ್ತಿತ್ರಿ ಹೋಗಿಲ್ಲಾಂತ. ಆದ್ರೂ ಅಂದೆ. ಹಿರೇಕೆರೂರಾಗ ಟಕ್ ಅಂದಾಗ ನೀವು ಬ್ಯಾಡ ಅಂದಿದ್ದು ಖರೇ. ಆದ್ರ ನಾ ಇಳದು ಮಲಗಿದ್ರ ನನ್ನ ಯಾರು ಹಿಡೀತಿದ್ರು? ಕಾಲು ನಂದು, ರಾಡಿ ಊರಂದು."

ನನಗೆ ಅವನು ಬೈದಿದ್ದರೆ ಬೇಕಾಗಿತ್ತು. ಕ್ಷಮಿಸಿದ್ದರೂ ನಡೆಯುತ್ತಿತ್ತು. ಅವನು ಎರಡನ್ನೂ ಮಾಡದೆ ನನ್ನ ಪಕ್ಕದಲ್ಲಿ ಬಂದು ಕುಳಿತಂತಾಯಿತು. ನಾನು ಸ್ಕೂಟರಿನ ಕಡೆ ತಿರುಗಿದೆ.

"ತಡೀರಿ" ಎಂದ. ಗೋಡೆ ಹಿಡಿದು ಎದ್ದ. ಆ ಕಾಲನ್ನು ಎಳೆಯುತ್ತ ಬಂದು, ಗುಡುಗುಡು ಎನ್ನುತ್ತಿದ್ದ ಸ್ಕೂಟರಿನ ಸೀಟಿನ ಮೇಲೆ ಒದ್ದೆ ಅಂಗೈಯಿಟ್ಟು ಕಣ್ಣು ಮುಚ್ಚಿದ. ಎಷ್ಟೋ ಬೆಳಗುಗಳಲ್ಲಿ ನಾನು ಕಂಡ ಅದೇ ನಿಲುವು. ಆಮೇಲೆ ಬಂದ್ ಮಾಡಿಸಿ, ಹಿಂದಿನ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಅತ್ತಿತ್ತ ಅಲುಗಿಸಿದ.

"ಹಿಂದಿನ ಗಾಲಿ ಬೇರಿಂಗ್ ಹೋಗೇತ್ರಿ. ತೋರಿಸ್ರಿ."

"ನಾಳೆ ಸಾಲಿಗೆ ಸೂಟಿ ಐತಿ, ನಾಳೆ..."

"ನಾಳೆ ಅಲ್ರಿ" ಎಂದ. "ಇವತ್ತ."

ಗ್ಯಾರೇಜು ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ನಾನು ಸ್ಕೂಟರ್ ಹತ್ತಲಿಲ್ಲ. ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಹೊರಟೆ. ಬಸ್‌ಸ್ಟ್ಯಾಂಡಿನ ಮುಂದೆ ಒಂದಿಬ್ಬರು ವಿದ್ಯಾರ್ಥಿಗಳು, "ಸರ್, ಪೆಟ್ರೋಲ್ ಮುಗೀತೇನ್ರಿ?" ಎಂದು ನಕ್ಕರು. ಹಿಂದಿನಿಂದ ಫಕ್ಕೀರಪ್ಪ ಕೂಗುತ್ತಿದ್ದ: "ಹತ್ರೀ ಮಾಸ್ತರ್ರ! ಅಷ್ಟೇನ ಆಗಿಲ್ಲ, ಮೆಲ್ಲಕ ಹೋದ್ರ ಅಲ್ಲಿತನಕ ನಡಿತೈತಿ! ಹತ್ರೀ!"

ಅವನು ಹೇಳಿದ್ದು ಕೇಳಿಸಿತು. ಇನ್ನೊಂದು ಸಲ ಕೂಗಿದ, ಅದೂ ಕೇಳಿಸಿತು. ನಾನು ತಳ್ಳುತ್ತಲೇ ಹೋದೆ.